ಸಿಬರು ಎಲ್ಲಿ ಚುಚ್ಚಿತು: ಕ್ಯಾಮೆರಾ ಹಾಕುವವನೊಬ್ಬ ‘ಸ್ಲಿವರ್’ ನೋಡಿದಾಗ

ನನ್ನ ಕೆಲಸ ಸಿಸಿಟಿವಿ ಹಾಕುವುದು. 16 ವರ್ಷದಿಂದ ಏಣಿ ಹತ್ತಿ ಇಳಿಯುತ್ತಿದ್ದೇನೆ. ಹಾಗಾಗಿ ಕ್ಯಾಮೆರಾ ಬರುವ ಸಿನಿಮಾ ಹಾಕಿದರೆ ಮನೆಯಲ್ಲಿ ಯಾರಿಗೂ ನನ್ನ ಪಕ್ಕ ಕೂರಲು ಇಷ್ಟವಿಲ್ಲ. ‘ಆ ಲೆನ್ಸ್‌ಗೆ ಅಷ್ಟು ದೂರ ಕಾಣಲ್ಲ’, ‘ಆ ಕೇಬಲ್ ಎಲ್ಲಿಂದ ಇಳಿಸಿದ’ ಅಂತ ಗೊಣಗುತ್ತಲೇ ಇರುತ್ತೇನೆ.

ಆದರೂ ಮೊನ್ನೆ ಭಾನುವಾರ ಅಕ್ಕ, ಭಾವ, ನನ್ನ ಹೆಂಡತಿ, ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗ, ಎಲ್ಲರೂ ಸೇರಿ ‘ಸ್ಲಿವರ್’ ನೋಡಿದೆವು. 1993ರ ಇಂಗ್ಲಿಷ್ ಸಿನಿಮಾ. ನಿರ್ದೇಶಕ ಫಿಲಿಪ್ ನಾಯ್ಸ್. ಶರಾನ್ ಸ್ಟೋನ್, ವಿಲಿಯಂ ಬಾಲ್ಡ್ವಿನ್, ಟಾಮ್ ಬೆರೆಂಜರ್ ನಟಿಸಿದ್ದಾರೆ. ಇದನ್ನು ನಾನು ಹಿಂದೆ ಒಬ್ಬನೇ ಎರಡು ಸಲ ನೋಡಿದ್ದೆ. ಎರಡು ಸಲವೂ ಸಿಟ್ಟು ಬಂದಿತ್ತು. ಪೂರಾ ಕೆಟ್ಟ ಸಿನಿಮಾ ಆಗಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ. ಇದು ಒಂದು ಒಳ್ಳೆಯ ಪ್ರಶ್ನೆ ಎತ್ತುತ್ತದೆ. ಉತ್ತರ ಹೇಳುವ ಹೊತ್ತಿಗೆ ಹೆದರಿ ಹಿತ್ತಲ ಬಾಗಿಲಿಂದ ಓಡಿಹೋಗುತ್ತದೆ.

ಮುಂದೆ ಕೊಲೆಗಾರ ಯಾರು ಅಂತ ಹೇಳಿಬಿಡುತ್ತೇನೆ. ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ. ಆದರೆ ನಿಜ ಹೇಳಬೇಕು ಅಂದರೆ, ಗೊತ್ತಿದ್ದು ನೋಡಿದರೂ ನಷ್ಟವೇನಿಲ್ಲ. ಕೊಲೆಗಾರ ಯಾರು ಅನ್ನುವುದು ತೆಗೆದವರಿಗೇ ಕೊನೆಯವರೆಗೂ ಗಟ್ಟಿಯಾಗಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಇದನ್ನು ಭಾವನ ಜೊತೆ ಕೂತು ನೋಡಬೇಡಿ. ಹಾಸಿಗೆಯ ದೃಶ್ಯಗಳು ಜಾಸ್ತಿ ಇವೆ. ಅಮೆರಿಕದ ಸೆನ್ಸಾರ್ ದರ್ಜೆಗಾಗಿ ಕತ್ತರಿ ಹಾಕಿಸಿಕೊಂಡ ಮೇಲೆ ಉಳಿದಿದ್ದೇ ಇಷ್ಟು. ರಿಮೋಟ್ ನನ್ನ ಕೈಯಲ್ಲಿತ್ತು. ಓಡಿಸಿದರೆ ‘ಇವನಿಗೆ ಎಲ್ಲೆಲ್ಲಿ ಏನಿದೆ ಅಂತ ಚೆನ್ನಾಗಿ ಗೊತ್ತು’ ಅಂದುಕೊಳ್ಳುತ್ತಾರೆ. ಓಡಿಸದಿದ್ದರೆ ‘ಇವನಿಗೆ ನಾಚಿಕೆ ಇಲ್ಲ’ ಅಂದುಕೊಳ್ಳುತ್ತಾರೆ. ಭಾವ ಮೊದಲನೇ ಸಲ ಫೋನ್ ನೋಡಿದರು. ಎರಡನೇ ಸಲ ಕನ್ನಡಕ ಒರೆಸಿದರು. ಮೂರನೇ ಸಲ ಎದ್ದು ನೀರು ಕುಡಿಯಲು ಹೋದರು.

ಕಥೆ ಇಷ್ಟು. ನ್ಯೂಯಾರ್ಕಿನಲ್ಲಿ ಒಂದು ಎತ್ತರದ, ತೆಳ್ಳನೆಯ ಕಟ್ಟಡ. ಅಲ್ಲಿನ ಒಂದು ಮನೆಯ ಬಾಲ್ಕನಿಯಿಂದ ಒಬ್ಬ ಹೆಂಗಸು ಬಿದ್ದು ಸಾಯುತ್ತಾಳೆ. ಯಾರೋ ತಳ್ಳಿದ್ದು ನಮಗೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಅದೇ ಮನೆಗೆ ಕಾರ್ಲಿ ಬಾಡಿಗೆಗೆ ಬರುತ್ತಾಳೆ. ಪುಸ್ತಕ ಪ್ರಕಾಶನದಲ್ಲಿ ಸಂಪಾದಕಿ. ಗಂಡನಿಂದ ಬೇರೆಯಾಗಿದ್ದಾಳೆ. ನೋಡಲು ಸತ್ತವಳ ಹಾಗೇ ಇದ್ದಾಳೆ. ಅದೇ ಕಟ್ಟಡದಲ್ಲಿ ಜ಼ೀಕ್ ಅನ್ನುವ ಯುವಕ ಇದ್ದಾನೆ, ಕಂಪ್ಯೂಟರ್ ಆಟಗಳನ್ನು ಮಾಡುವವನು. ಜ್ಯಾಕ್ ಅನ್ನುವ ಕಾದಂಬರಿಕಾರ ಇದ್ದಾನೆ, ಸದಾ ಮುಖ ಗಂಟು. ಜ಼ೀಕ್ ಜೊತೆ ಕಾರ್ಲಿಗೆ ಪ್ರೀತಿ ಆಗುತ್ತದೆ. ಕಟ್ಟಡದಲ್ಲಿ ಇನ್ನೂ ಸಾವುಗಳಾಗುತ್ತವೆ. ಆಮೇಲೆ ತಿಳಿಯುತ್ತದೆ: ಕಟ್ಟಡದ ಮಾಲೀಕನೇ ಜ಼ೀಕ್. ಎಲ್ಲ ಮನೆಗಳಲ್ಲೂ ಬಚ್ಚಿಟ್ಟ ಕ್ಯಾಮೆರಾ ಇಟ್ಟಿದ್ದಾನೆ. ತನ್ನ ಮನೆಯ ಒಳಕೋಣೆಯಲ್ಲಿ ಗೋಡೆ ತುಂಬ ಟೀವಿ ಜೋಡಿಸಿಕೊಂಡು ಕೂತು ಎಲ್ಲರನ್ನೂ ನೋಡುತ್ತಾನೆ.

ಸ್ಲಿವರ್ ಅಂದರೆ ಸಿಬರು. ಬೆರಳಿಗೆ ಚುಚ್ಚಿಕೊಳ್ಳುತ್ತದಲ್ಲ, ಆ ಮರದ ಚೂರು. ನ್ಯೂಯಾರ್ಕಿನಲ್ಲಿ ಸಣ್ಣ ನಿವೇಶನದಲ್ಲಿ ಕಡ್ಡಿ ನಿಲ್ಲಿಸಿದ ಹಾಗೆ ಎತ್ತರಕ್ಕೆ ಕಟ್ಟುತ್ತಿದ್ದ ಕಟ್ಟಡಗಳಿಗೂ ಅದೇ ಹೆಸರು. ಅವು ಜಾಸ್ತಿಯಾದವು ಅಂತ 1983ರಲ್ಲಿ ಅಲ್ಲಿ ಒಂದು ನಿಯಮವನ್ನೇ ತಂದರು. ಕೆಲವು ಪ್ರದೇಶಗಳಲ್ಲಿ 45 ಅಡಿಗಿಂತ ಕಡಿಮೆ ಅಗಲ ಇದ್ದರೆ ಎತ್ತರಕ್ಕೆ ಮಿತಿ. ಕಟ್ಟಡ ತೆಳ್ಳಗಿದ್ದಷ್ಟೂ ಒಂದೊಂದು ಮಹಡಿಯಲ್ಲಿ ಮನೆ ಕಡಿಮೆ. ಲಿಫ್ಟಿನಲ್ಲಿ ಮಾತ್ರ ಮುಖ ನೋಡುತ್ತಾರೆ. ಸಿನಿಮಾ ಈ ಒಂಟಿತನವನ್ನು ಚೆನ್ನಾಗಿ ಹಿಡಿದಿದೆ. ಛಾಯಾಗ್ರಾಹಕ ವಿಲ್ಮೋಸ್ ಜಿಗ್ಮಂಡ್. ಲಿಫ್ಟು, ಕಾರಿಡಾರು, ಗಾಜು, ಎಲ್ಲ ಚೆಂದವಾಗಿದೆ, ಆದರೆ ತಣ್ಣಗಿದೆ. ಒಂದು ದೃಶ್ಯದಲ್ಲೂ ಬೆಚ್ಚಗೆ ಅನ್ನಿಸುವುದಿಲ್ಲ. ಹಾಗೇ ಇರಬೇಕಿತ್ತು.

ಈಗ ನನ್ನ ಕಸುಬಿನ ಮಾತು. ಇದನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗುವುದಿಲ್ಲ.

ನಮ್ಮ ಹುಡುಗ ಮೊದಲು ಕೇಳಿದ್ದೇ ಇದನ್ನು: “ಅಣ್ಣಾ, ಇಷ್ಟೊಂದು ಕೇಬಲ್ ಎಳೆದೋರು ಯಾರು?” ಎಂಥ ಸರಿಯಾದ ಪ್ರಶ್ನೆ ನೋಡಿ. 1993ರಲ್ಲಿ ವೈಫೈ ಕ್ಯಾಮೆರಾ ಇರಲಿಲ್ಲ. ಪ್ರತಿ ಕ್ಯಾಮೆರಾದಿಂದ ಒಂದು ಕೋಯಾಕ್ಸ್ ಕೇಬಲ್ ಆ ಕೋಣೆಯವರೆಗೂ ಹೋಗಬೇಕು. ಜೊತೆಗೆ ಕರೆಂಟು, ಜೊತೆಗೆ ಮೈಕಿನ ವೈರು. 20 ಮನೆ, ಮನೆಗೆ 3 ಕ್ಯಾಮೆರಾ ಅಂತ ಇಟ್ಟುಕೊಂಡರೂ 60 ಕೇಬಲ್. ಅಂದರೆ ನನ್ನಂಥವರು ಏಳೆಂಟು ಜನ ತಿಂಗಳುಗಟ್ಟಲೆ ಕೆಲಸ ಮಾಡಿರಬೇಕು. ಅವರಲ್ಲಿ ಒಬ್ಬನಿಗಾದರೂ ‘ಬಚ್ಚಲುಮನೆಗೆ ಯಾಕ್ ಸಾರ್ ಕ್ಯಾಮೆರಾ’ ಅಂತ ಕೇಳಬೇಕು ಅನ್ನಿಸಲಿಲ್ಲವೇ? ಸಿನಿಮಾದಲ್ಲಿ ಆ ಕೆಲಸಗಾರರ ಸುದ್ದಿಯೇ ಇಲ್ಲ. ನನ್ನ ಪ್ರಕಾರ ಅಲ್ಲಿ ಇನ್ನೊಂದು ಸಿನಿಮಾ ಇತ್ತು.

ರೆಕಾರ್ಡಿಂಗ್ ಲೆಕ್ಕ ಇನ್ನೂ ಮಜವಾಗಿದೆ. ಆಗ ಇದ್ದದ್ದು ವಿಎಚ್ಎಸ್ ಟೇಪು. ಸಾಮಾನ್ಯ ಟೇಪಿನಲ್ಲಿ ಒಳ್ಳೆಯ ಗುಣಮಟ್ಟ ಬೇಕಾದರೆ 2 ಗಂಟೆ, ಎಳೆದರೆ 6 ಗಂಟೆ. 60 ಕ್ಯಾಮೆರಾ, ದಿನಕ್ಕೆ 4 ಟೇಪು ಅಂದರೆ 240 ಟೇಪು. ವಾರಕ್ಕೆ 1,680. ಅಂಗಡಿಗಳಲ್ಲಿ ಬಳಸುತ್ತಿದ್ದ, ನಡುನಡುವೆ ಚಿತ್ರ ಬಿಟ್ಟು ಬಿಟ್ಟು ಹಿಡಿಯುವ ಟೈಮ್ ಲ್ಯಾಪ್ಸ್ ರೆಕಾರ್ಡರ್ ಹಾಕಿದರೆ ಒಂದೇ ಟೇಪಿನಲ್ಲಿ 24 ಗಂಟೆ ಹಿಡಿಸಬಹುದು ನಿಜ. ಆದರೆ ಆಗ ಮನುಷ್ಯರು ಕುಪ್ಪಳಿಸಿ ಕುಪ್ಪಳಿಸಿ ನಡೆಯುವ ಹಾಗೆ ಕಾಣುತ್ತಾರೆ. ಸಿನಿಮಾದಲ್ಲಿ ಎಲ್ಲ ನುಣ್ಣಗೆ ಓಡುತ್ತದೆ. ಬೇಕಾದ ಕೋನ ಬೇಕಾದ ಹೊತ್ತಿಗೆ ಸಿಕ್ಕೇ ಸಿಗುತ್ತದೆ. ನಮ್ಮ ಅನುಭವ ಏನು ಗೊತ್ತಾ? ಕಳ್ಳತನ ಆದ ದಿನವೇ ಆ ಕ್ಯಾಮೆರಾದ ಮುಂದೆ ಜೇಡ ಬಲೆ ಕಟ್ಟಿರುತ್ತದೆ.

ಮತ್ತೆ ಆ ಟೀವಿಗಳ ಗೋಡೆ. ಹಳೆಯ ಗಾಜಿನ ಪಿಕ್ಚರ್ ಟ್ಯೂಬುಗಳು. ಅಷ್ಟೊಂದನ್ನು ಒಂದು ಮುಚ್ಚಿದ ಕೋಣೆಯಲ್ಲಿ ಹಚ್ಚಿ ಕೂತರೆ ಒಲೆಯ ಮುಂದೆ ಕೂತ ಹಾಗೆ. ಅಮೆರಿಕದ ಟೀವಿ ಪದ್ಧತಿಯಲ್ಲಿ ಒಂದೊಂದು ಟ್ಯೂಬೂ ಸೆಕೆಂಡಿಗೆ 15,700ಕ್ಕೂ ಹೆಚ್ಚು ಸಲ ಗೆರೆ ಎಳೆಯುತ್ತದೆ. ಅದಕ್ಕೊಂದು ಸಣ್ಣ ‘ಕುಂಯ್’ ಸದ್ದು ಇರುತ್ತದೆ. ನಾನು ಕೆಲಸ ಕಲಿತ ಹೊಸದರಲ್ಲಿ ಇನ್ನೂ ಅಂಥ ಮಾನಿಟರ್‌ಗಳಿದ್ದವು. ಎಂಟು ಮಾನಿಟರ್ ಇದ್ದ ಕೋಣೆಯಲ್ಲಿ ಒಂದು ಗಂಟೆ ಕೂತರೆ ತಲೆ ಸಿಡಿಯುತ್ತಿತ್ತು. ಜ಼ೀಕ್ ಅಲ್ಲಿ ಅಂಗಿ ಸುಕ್ಕಾಗದಂತೆ ನಗುತ್ತಾ ಕೂತಿರುತ್ತಾನೆ.

ಇರಲಿ. ಇದೆಲ್ಲ ಕ್ಷಮಿಸಬಹುದಾದ ತಪ್ಪು. ಭಾವ “ಅಷ್ಟು ದುಡ್ಡಿರೋನಿಗೆ ಎಸಿ ಇರಲ್ವೇನೋ, ಸುಮ್ನೆ ನೋಡು” ಅಂದರು. ಸುಮ್ಮನಾದೆ.

ಸಿನಿಮಾದ ನಿಜವಾದ ಜೀವ ಇರುವುದು ಜ಼ೀಕ್ ಮೊದಲ ಸಲ ಕಾರ್ಲಿಯನ್ನು ಆ ಕೋಣೆಗೆ ಕರೆದುಕೊಂಡು ಹೋದಾಗ. ಅವಳು ಮೊದಲು ಹೌಹಾರುತ್ತಾಳೆ. ತನ್ನ ಮನೆಯೂ ಆ ಗೋಡೆಯಲ್ಲಿದೆಯಲ್ಲ. ಹೋಗಬೇಕು ಅಂದುಕೊಳ್ಳುತ್ತಾಳೆ, ಆದರೆ ಹೋಗುವುದಿಲ್ಲ. ಒಂದು ಪರದೆಯಲ್ಲಿ ಯಾರೋ ಜಗಳ ಆಡುತ್ತಿದ್ದಾರೆ. ಇನ್ನೊಂದರಲ್ಲಿ ಯಾರೋ ಅಳುತ್ತಿದ್ದಾರೆ. ನಿಧಾನವಾಗಿ ಅವಳ ಮುಖ ಬದಲಾಗುತ್ತದೆ. ಕೂರುತ್ತಾಳೆ. ನೋಡುತ್ತಾಳೆ. ಶರಾನ್ ಸ್ಟೋನ್ ಇಡೀ ಸಿನಿಮಾದಲ್ಲಿ ಇಷ್ಟು ಚೆನ್ನಾಗಿ ಎಲ್ಲೂ ನಟಿಸಿಲ್ಲ. ಅಕ್ಕ ಅಲ್ಲಿ ಒಂದು ಮಾತು ಹೇಳಿದಳು. “ಇವಳು ಮೊದಲೇ ಹಾಳಾಗಿದ್ಲು ಕಣೋ. ಯಾರು ಕಳಿಸಿದ್ದು ಅಂತ ಗೊತ್ತಿಲ್ಲದ ಟೆಲಿಸ್ಕೋಪು ಮನೆಗೆ ಬಂತು. ವಾಪಸ್ ಕಳಿಸ್ಲಿಲ್ಲ. ಕಣ್ಣಿಟ್ಟು ಎದುರುಮನೆ ನೋಡಿದ್ಲು.” ಹೌದಲ್ವಾ! ಎರಡು ಸಲ ನೋಡಿದ್ದರೂ ಆ ಟೆಲಿಸ್ಕೋಪನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇನ್ನೊಂದು ದೃಶ್ಯ ಇದೆ. ಒಂದು ಮನೆಯಲ್ಲಿ ಒಬ್ಬ ಮಲತಂದೆ ಹುಡುಗಿಗೆ ತೊಂದರೆ ಕೊಡುತ್ತಿದ್ದಾನೆ. ತಾಯಿ ನಂಬುವುದಿಲ್ಲ. ಜ಼ೀಕ್ ಅವನಿಗೆ ಹೆಸರು ಹೇಳದೆ ಫೋನ್ ಮಾಡಿ ಹೆದರಿಸುತ್ತಾನೆ. ನಾನು ಸಿನಿಮಾ ನಿಲ್ಲಿಸಿ ‘ಇದು ಸರಿಯೋ ತಪ್ಪೋ’ ಅಂತ ಕೇಳಿದೆ. ಭಾವ ತಕ್ಷಣ “ಸರಿ” ಅಂದರು. ಹೆಂಡತಿ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ಆ ಹುಡುಗಿಗೆ ಒಳ್ಳೇದಾಯ್ತು. ಆದ್ರೆ ಆ ಹುಡುಗಿ ಬಟ್ಟೆ ಬದಲಾಯಿಸೋದನ್ನೂ ಇವನು ನೋಡಿರ್ತಾನಲ್ರೀ.” ಯಾರೂ ಮಾತಾಡಲಿಲ್ಲ. ನಾನು ಪ್ಲೇ ಒತ್ತಿದೆ.

ಆ ದೃಶ್ಯ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಕಾರಣ ಹೇಳುತ್ತೇನೆ.

ಆರು ವರ್ಷದ ಹಿಂದೆ ಒಂದು ಅಪಾರ್ಟ್‌ಮೆಂಟಿಗೆ 32 ಕ್ಯಾಮೆರಾ ಹಾಕಿದ್ದೆ. ಗೇಟು, ಪಾರ್ಕಿಂಗು, ಲಿಫ್ಟಿನ ಮುಂದಿನ ಜಾಗ. ಪರೀಕ್ಷೆಗೆ ಅಂತ ನನ್ನ ಫೋನಿನಲ್ಲೂ ಆ್ಯಪ್ ಹಾಕಿಕೊಂಡಿದ್ದೆ. ಕೆಲಸ ಮುಗಿಸಿ, ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಅಂತ ಹೇಳಿ ಬಂದೆ. ಅವರು ಬದಲಾಯಿಸಲಿಲ್ಲ. ನಾನೂ ಆ್ಯಪ್ ತೆಗೆಯಲಿಲ್ಲ. ಒಂದು ದಿನ ಮಧ್ಯಾಹ್ನ ಯಾವುದೋ ದೂರು ಬಂತು ಅಂತ ತೆರೆದು ನೋಡಿದೆ. ನಾಲ್ಕನೇ ಮಹಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಲಿಫ್ಟಿನ ಗುಂಡಿ ಒತ್ತಿ ನಿಂತಿದ್ದರು. ಲಿಫ್ಟು ಬಂತು. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚುವವರೆಗೂ ನೋಡಿದರು. ವಾಪಸ್ ಮನೆಗೆ ಹೋದರು.

ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ತೆರೆದೆ. ದೂರು ಇರಲಿಲ್ಲ. ಸುಮ್ನೆ ತೆರೆದೆ. ಅವರು ಇದ್ದರು. 3 ಗಂಟೆ 40 ನಿಮಿಷ. ನೀಲಿ ಸ್ವೆಟರ್. ಎರಡು ತಿಂಗಳು ಹೀಗೇ ನಡೆಯಿತು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಕಾರಿಡಾರು, ಯಾರ ಮನೆಯ ಒಳಗೂ ಅಲ್ಲ. ಅವರು ಯಾರಿಗೆ ಕಾಯುತ್ತಿದ್ದರು ಅಂತ ತಿಳಿದುಕೊಳ್ಳುವ ಆಸೆ ಅಷ್ಟೇ.

ಒಂದು ದಿನ ಅವರು ಬರಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ನನಗೆ ಕೆಲಸ ಮಾಡಲು ಆಗಲಿಲ್ಲ. ಯಾರಿಗೆ ಫೋನ್ ಮಾಡಲಿ? ‘ನಾಲ್ಕನೇ ಮಹಡಿಯ ಅಜ್ಜಿ ಲಿಫ್ಟಿನ ಹತ್ತಿರ ಬಂದಿಲ್ಲ’ ಅಂದರೆ ‘ನಿಂಗ್ ಹೇಗ್ ಗೊತ್ತು’ ಅನ್ನುವುದಿಲ್ಲವೇ? ಕೊನೆಗೆ ಲೆನ್ಸ್ ಒರೆಸುವ ನೆಪ ಮಾಡಿಕೊಂಡು ಏಣಿ ತೆಗೆದುಕೊಂಡು ಹೋದೆ. ನಾಲ್ಕನೇ ಮಹಡಿಯಲ್ಲಿ ಬೇಕೆಂದೇ ಸದ್ದು ಮಾಡಿದೆ. ಬಾಗಿಲು ತೆರೆಯಿತು. ಅವರೇ. ಕಾಲಿಗೆ ಬ್ಯಾಂಡೇಜ್ ಇತ್ತು. ಎಡವಿ ಬಿದ್ದಿದ್ದರಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ “ಯಾರಪ್ಪ ನೀನು?” ಅಂದರು.

ಎರಡು ತಿಂಗಳಿಂದ ನನಗೆ ಅವರು ಗೊತ್ತು. ಅವರು ನನ್ನನ್ನು ನೋಡಿದ್ದು ಅವತ್ತೇ ಮೊದಲು.

ಲೆನ್ಸ್ ಒರೆಸಿ ಕೆಳಗಿಳಿದೆ. ಕಾರ್ಯದರ್ಶಿಯನ್ನು ಹುಡುಕಿ, ಅವರ ಕೈಯಲ್ಲೇ ಪಾಸ್‌ವರ್ಡ್ ಬದಲಾಯಿಸಿಸಿದೆ. ಅವರು ಟೈಪ್ ಮಾಡುವಾಗ ಗೋಡೆಯ ಕಡೆ ತಿರುಗಿ ನಿಂತಿದ್ದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಭಾನುವಾರವೂ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಹಾಗಾಗಿ ಈ ಸಿನಿಮಾ ನನ್ನನ್ನು ಕೇಳಿದ ಪ್ರಶ್ನೆ ಇದು. ಕೈ ತಾಗಿಸದೆ, ಸದ್ದು ಮಾಡದೆ, ಬರೀ ನೋಡುತ್ತಾ ಇರುವುದು ತಪ್ಪೋ ಅಲ್ಲವೋ? ಮುಕ್ಕಾಲು ಭಾಗ ಸಿನಿಮಾ ಇದನ್ನೇ ಕೇಳುತ್ತದೆ. ಕೊನೆಯ ಕಾಲು ಭಾಗದಲ್ಲಿ ಕೊಲೆಗಾರ ಜ್ಯಾಕ್ ಅಂದುಬಿಡುತ್ತದೆ. ಆ ಸಿಡುಕು ಕಾದಂಬರಿಕಾರ! ನೋಡುತ್ತಾ ಕೂತಿದ್ದ ಜ಼ೀಕ್ ಕೊಲೆಗಾರ ಅಲ್ಲ. ಅವನು ಕೊಲೆಯ ಟೇಪನ್ನು ಇಟ್ಟುಕೊಂಡು ಬಾಯಿ ಮುಚ್ಚಿಕೊಂಡಿದ್ದ, ಅಷ್ಟೇ. ‘ಅಷ್ಟೇ’ ಅಂತ ಸಿನಿಮಾ ಅನ್ನುತ್ತದೆ, ನಾನಲ್ಲ.

ಅದು ಮೊದಲಿಗೆ ಹೀಗಿರಲಿಲ್ಲ. ಐರಾ ಲೆವಿನ್ 1991ರಲ್ಲಿ ಬರೆದ ಕಾದಂಬರಿ ಇದರ ಮೂಲ. ಅಲ್ಲಿ ಕಟ್ಟಡದ ಮಾಲೀಕನೇ ಕೊಲೆಗಾರ. ಸಿನಿಮಾಕ್ಕೂ ಮೊದಲು ಜ಼ೀಕ್‌ನನ್ನೇ ಕೊಲೆಗಾರ ಮಾಡಿದ್ದರು. ಅವನು ಕಾರ್ಲಿಯನ್ನು ಕೂರಿಸಿಕೊಂಡು ಜ್ವಾಲಾಮುಖಿಯ ಕಡೆ ಹಾರುವ ಅಂತ್ಯ ಇತ್ತು. ಅದಕ್ಕಾಗಿ ಹವಾಯಿಯ ಕಿಲವೇಯಾ ಜ್ವಾಲಾಮುಖಿಯ ಮೇಲೆ ಚಿತ್ರೀಕರಣಕ್ಕೆ ಹೋದ ಹೆಲಿಕಾಪ್ಟರ್ 1992ರ ನವೆಂಬರಿನಲ್ಲಿ ಕುಳಿಯ ಒಳಗೇ ಬಿತ್ತು. ಮೂವರೂ ಬದುಕಿ ಬಂದದ್ದು ಪುಣ್ಯ. ಒಬ್ಬನನ್ನು ಮೇಲೆತ್ತಲು ಸುಮಾರು ಎರಡು ದಿನ ಹಿಡಿಯಿತು. ಇಷ್ಟೆಲ್ಲ ಆದ ಮೇಲೆ ಸಿನಿಮಾವನ್ನು ಬಿಡುಗಡೆಗೆ ಮುಂಚೆ ಪ್ರೇಕ್ಷಕರಿಗೆ ತೋರಿಸಿ ನೋಡಿದರು. ಅವರಿಗೆ ಹಿಡಿಸಲಿಲ್ಲ. ಅಂತ್ಯ ಬದಲಾಯಿಸಿ ಮತ್ತೆ ಚಿತ್ರೀಕರಿಸಿದರು. ಕೊಲೆ ಜ್ಯಾಕ್‌ನ ತಲೆಗೆ ಕಟ್ಟಿದರು.

ಇದು ಗೊತ್ತಿದ್ದು ನೋಡಿದರೆ ಹೊಲಿಗೆ ಕಾಣುತ್ತದೆ. ಕ್ಯಾಮೆರಾ ಪದೇ ಪದೇ ಜ಼ೀಕ್‌ನ ನಗುವನ್ನೇ ಅನುಮಾನದಿಂದ ನೋಡುತ್ತದೆ. ಜ್ಯಾಕ್‌ನನ್ನು ಮಾತ್ರ ಬೇಗ ಬೇಗ ಮುಗಿಸುತ್ತದೆ. ಬೆರೆಂಜರ್ ಪಾಪ, ಇರುವ ನಾಲ್ಕು ದೃಶ್ಯದಲ್ಲಿ ಕೂಗಾಡುವುದು ಬಿಟ್ಟರೆ ಮಾಡಲು ಏನೂ ಇಲ್ಲ. ಭಾವ ಅರ್ಧ ಗಂಟೆಗೇ ಕೊಲೆಗಾರನನ್ನು ಕಂಡುಹಿಡಿದಿದ್ದರು. “ಹೆಸರಿರೋ ನಟ, ಕೆಲಸ ಕಡಿಮೆ. ಅವನೇ.” ಅವರ ಪಾಲಿಗೆ ಸಿನಿಮಾ ಅಲ್ಲಿಗೇ ಮುಗಿದಿತ್ತು. ಹೆಂಡತಿಯ ತೀರ್ಪು ಬೇರೆ: “ಜ಼ೀಕ್ ನೋಡೋಕೆ ಚೆನ್ನಾಗಿದಾನೆ. ಅದಕ್ಕೆ ಬಿಟ್ಟರು. ಅವನು ಬೊಜ್ಜು ಹೊಟ್ಟೆಯ ಮುದುಕ ಆಗಿದ್ದಿದ್ರೆ ಬಿಡ್ತಿದ್ರಾ?”

ಬಿಡುಗಡೆಯಾದಾಗಲೂ ಬೈದವರೇ ಜಾಸ್ತಿ. ಹಿಂದಿನ ವರ್ಷವಷ್ಟೇ ಶರಾನ್ ಸ್ಟೋನ್ ಮತ್ತು ಚಿತ್ರಕಥೆಗಾರ ಜೋ ಎಸ್ಟರ್‌ಹಾಸ್ ಒಂದು ಭಾರೀ ಗೆಲುವು ಕಂಡಿದ್ದರು. ಅಂಥದ್ದೇ ಇನ್ನೊಂದು ಬೇಕು ಅಂತ ಜನ ಬಂದರು. ಅಮೆರಿಕದಲ್ಲಿ ಸುಮಾರು 3.6 ಕೋಟಿ ಡಾಲರ್ ಅಷ್ಟೇ ಬಂತು. ಆದರೆ ಜಗತ್ತಿನಲ್ಲೆಲ್ಲ ಸೇರಿ 11 ಕೋಟಿ ದಾಟಿತು. ಅತಿ ಕೆಟ್ಟ ಸಿನಿಮಾಗಳಿಗೆ ಕೊಡುವ ರಾಝಿ ಪ್ರಶಸ್ತಿಗೆ 7 ನಾಮನಿರ್ದೇಶನ ಸಿಕ್ಕಿತು, ಒಂದೂ ಬರಲಿಲ್ಲ. ಕೆಟ್ಟದ್ದರಲ್ಲೂ ಪೂರ್ತಿ ಗೆಲ್ಲಲಿಲ್ಲ ನೋಡಿ.

ಆದರೆ ಸಿನಿಮಾ ಉತ್ತರ ಕೊಡದೆ ಬಿಟ್ಟ ಆ ಪ್ರಶ್ನೆ, ಬರೀ ನೋಡುವುದು ತಪ್ಪೋ ಅಲ್ಲವೋ ಅನ್ನುವುದು, ಆಮೇಲೆ ನಿಜವಾಗಿಯೇ ಎದುರಾಯಿತು. ಅದೇ ನ್ಯೂಯಾರ್ಕ್ ರಾಜ್ಯದಲ್ಲಿ ಒಬ್ಬ ಮನೆ ಮಾಲೀಕ ಬಾಡಿಗೆಗಿದ್ದ ಹೆಣ್ಣುಮಗಳ ಹಾಸಿಗೆಯ ಮೇಲಿನ ಸ್ಮೋಕ್ ಡಿಟೆಕ್ಟರ್‌ನಲ್ಲಿ ಕ್ಯಾಮೆರಾ ಬಚ್ಚಿಟ್ಟು ಸಿಕ್ಕಿಬಿದ್ದ. ಹಾಗೆ ಕದ್ದು ಚಿತ್ರ ತೆಗೆಯುವುದನ್ನೇ ದೊಡ್ಡ ಅಪರಾಧ ಅನ್ನುವ ಕಾನೂನು ಅಲ್ಲಿ ಆಗ ಇರಲಿಲ್ಲ. ಅತಿಕ್ರಮ ಪ್ರವೇಶದ ಕೇಸು ಹಾಕಬೇಕಾಯಿತು. ಆ ಹೆಣ್ಣುಮಗಳು ಬಿಡದೆ ಹೋರಾಡಿದ ಮೇಲೆ 2003ರಲ್ಲಿ ಕಾನೂನು ಬಂತು. ಸಿನಿಮಾ ಬಂದು ಆಗಲೇ ಹತ್ತು ವರ್ಷ. ಕೊಲೆ ಮಾಡದ ಜ಼ೀಕ್‌ನನ್ನು 1993ರಲ್ಲಿ ಹಿಡಿದುಕೊಟ್ಟಿದ್ದರೂ ಬರೀ ಆ ಚಿತ್ರಗಳಿಗಾಗಿ ಅವನಿಗೆ ಹೆಚ್ಚೇನೂ ಆಗುತ್ತಿರಲಿಲ್ಲ ಅನ್ನಿ. ಸಿನಿಮಾಕ್ಕೆ ಇದನ್ನು ಹೇಳುವ ಅವಕಾಶ ಇತ್ತು. ಅದಕ್ಕೆ ಕೊಲೆಗಾರ ಬೇಕಾಗಿತ್ತು.

ಅಂಕ ಕೊಡಬೇಕಲ್ಲ. ಅಕ್ಕ ಐದಕ್ಕೆ ಎರಡು ಕೊಟ್ಟಳು. ಭಾವ ಒಂದು, ಅದೂ ಸಂಗೀತಕ್ಕೆ. ಹೆಂಡತಿ “ಮೂರು, ಆದ್ರೆ ಇನ್ನೊಂದ್ಸಲ ನೋಡಲ್ಲ” ಅಂದಳು. ನಾನು ಎರಡೂವರೆ. ಆ ಕೋಣೆಯ ದೃಶ್ಯ ಒಂದಕ್ಕೇ ಎರಡು. ಸೀಕ್ರೆಟ್ ಕೋಣೆಯ ಕೇಬಲ್‌ಗಳನ್ನು ಒಂದು ಸಲವಾದರೂ ನೀಟಾಗಿ ಕಟ್ಟಿ ತೋರಿಸಿದ್ದರೆ ಇನ್ನರ್ಧ ಹಾಕುತ್ತಿದ್ದೆ.

ಕೊನೆಯ ದೃಶ್ಯದಲ್ಲಿ ಕಾರ್ಲಿ ಪಿಸ್ತೂಲು ತೆಗೆದು ಆ ಗೋಡೆಯ ಟೀವಿಗಳಿಗೆ ಗುಂಡು ಹೊಡೆಯುತ್ತಾಳೆ. ಗಾಜು ಸಿಡಿಯುತ್ತದೆ, ಕಿಡಿ ಹಾರುತ್ತದೆ. ಹೋಗಿ ಒಂದು ಬದುಕು ಕಟ್ಟಿಕೋ ಅನ್ನುವ ಅರ್ಥದ ಮಾತು ಎಸೆಯುತ್ತಾಳೆ. ಪರದೆ ಕಪ್ಪಾಯಿತು. ಅಕ್ಕ ದೀಪ ಹಾಕಿದಳು. ಭಾವ ಚಪ್ಪಲಿ ಹುಡುಕತೊಡಗಿದರು. ನಮ್ಮ ಹುಡುಗ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದ.

“ಅಣ್ಣಾ, ಅವಳು ಒಡೆದಿದ್ದು ಮಾನಿಟರ್ ತಾನೇ?”

“ಹೂಂ.”

“ಹಂಗಾದ್ರೆ ರೆಕಾರ್ಡರ್ ಓಡ್ತಾನೇ ಇರುತ್ತಲ್ವಾ?”